ಗ್ಯಾಪ್ ಅಂದ್ರೆ ಖಾಲಿ ವರ್ಷ ಅಲ್ಲ

ಪ್ಲೇಸ್‌ಮೆಂಟ್ ಫಾರ್ಮಿನಲ್ಲಿ ಒಂದು ಕಾಲಂ ಇದೆ: ‘ಇಯರ್ ಗ್ಯಾಪ್ ಇದೆಯೇ?’ ಇದೆ ಅಂತ ಬರೆದರೆ ಎಷ್ಟೋ ಕಂಪನಿಗಳು ಟೆಸ್ಟಿಗೂ ಕೂರಿಸಲ್ಲ. ಯಾಕೆ ಗ್ಯಾಪ್ ಆಯ್ತು ಅಂತ ಹೇಳಿಕೊಳ್ಳೋಕೆ ಅಲ್ಲಿ ಜಾಗವೇ ಇಲ್ಲ. ಕಾಯಿಲೆ ಬಿದ್ದು ವರ್ಷ ಕಳೆದವರು, ಇಯರ್ ಬ್ಯಾಕ್ ಆದವರು, ದುಡಿದು ಬಂದವರು, ಎಲ್ಲರೂ ಒಂದೇ ಲೆಕ್ಕ. ಕಾಲೇಜು ಮುಗಿದ ಮಾರನೇ ತಿಂಗಳೇ ಹೆಬ್ಬಾಳ ದಾಟಿ ಮಾನ್ಯತಾ ಟೆಕ್ ಪಾರ್ಕಿನ ಕ್ಯಾಬ್ ಹತ್ತಬೇಕು, ಅಷ್ಟೇ.

ಈ ಮಾತು ಈಗ ಯಾಕೆ ಅಂದ್ರೆ, ಒಂದು ವರ್ಷ ಹೊರದೇಶದಲ್ಲಿ ಸಂಬಳಕ್ಕೆ ದುಡಿದು ಬರೋ ದಾರಿ ನಮಗೂ ತೆರೆದಿದೆ. ಆಸ್ಟ್ರೇಲಿಯಾ 2024ರಲ್ಲಿ ‘ವರ್ಕ್ ಅಂಡ್ ಹಾಲಿಡೇ’ ವೀಸಾವನ್ನು ಭಾರತೀಯರಿಗೂ ಕೊಡಲು ಶುರುಮಾಡಿತು. ವರ್ಷಕ್ಕೆ 1000 ಜನಕ್ಕೆ, 18ರಿಂದ 30ರ ವಯಸ್ಸಿನವರಿಗೆ, 12 ತಿಂಗಳು. 25 ಡಾಲರ್ ಕಟ್ಟಿ ಹೆಸರು ಹಾಕಬೇಕು, ಆಮೇಲೆ ಲಾಟರಿ. ಮೊದಲ ಸಲ ಎರಡೇ ವಾರದಲ್ಲಿ ಸುಮಾರು 40,000 ಜನ ಹೆಸರು ಹಾಕಿದ್ದರು. ಇದರ ಮುಂದೆ ಸಿಇಟಿ ಸೀಟೇ ವಾಸಿ! ಬ್ರಿಟನ್ನಿನದೂ 2023ರಿಂದ ಇಂಥದ್ದೇ ಒಂದಿದೆ, ಎರಡು ವರ್ಷದ್ದು. ಆದರೆ ಅದಕ್ಕೆ ಡಿಗ್ರಿ ಮುಗಿದಿರಬೇಕು. ಎರಡೂ ಲಾಟರಿಯೇ ಆದ್ದರಿಂದ ‘ವೀಸಾ ಗ್ಯಾರಂಟಿ’ ಅನ್ನೋ ಕನ್ಸಲ್ಟೆನ್ಸಿಗೆ ದುಡ್ಡು ಸುರಿಯಬೇಡಿ.

ಅಲ್ಲಿ ಸಿಗೋದು ಕೋಡಿಂಗ್ ಕೆಲಸವೇ ಆಗಿರಬೇಕಿಲ್ಲ. ಹೋಟೆಲ್ ಅಡುಗೆಮನೆ, ಗೋದಾಮು, ಹಣ್ಣಿನ ತೋಟ. ಆಸ್ಟ್ರೇಲಿಯಾದಲ್ಲಿ 2025ರ ಜುಲೈಯಲ್ಲಿ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಆಗಿತ್ತು. ದೊಡ್ಡಬಳ್ಳಾಪುರದಲ್ಲಿ ಅಪ್ಪನ ದ್ರಾಕ್ಷಿ ತೋಟಕ್ಕೆ ಕಾಲಿಡದವರು ಅಲ್ಲಿ ಹೋಗಿ ದ್ರಾಕ್ಷಿ ಕೀಳ್ತಾರಾ ಅಂತ ನಗೋರು ನಗಲಿ. ಕೀಳಲಿ ಬಿಡಿ. ಬಾಡಿಗೆ, ಅಡುಗೆ, ಮಾಲೀಕನ ಬೈಗುಳ, ತಿಂಗಳ ಕೊನೆಯ ಲೆಕ್ಕ, ಇವು ಯಾವ ಇಂಟರ್ನ್‌ಶಿಪ್ ರಿಪೋರ್ಟಿನಲ್ಲೂ ಬರಲ್ಲ.

ಎಲ್ಲರಿಗೂ ಇದು ಎಟುಕುವುದಿಲ್ಲ, ಅದನ್ನು ಮುಚ್ಚಿಡೋದು ಬೇಡ. ಹೋಗುವಾಗ ಕೈಯಲ್ಲಿ 5000 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು, ಅಂದ್ರೆ ಹೆಚ್ಚುಕಡಿಮೆ ಮೂರು ಲಕ್ಷ ರೂಪಾಯಿ. ವಿಮಾನದ ಟಿಕೆಟ್ ಬೇರೆ. ಎಜುಕೇಶನ್ ಲೋನ್ ಕಂತು ಕಟ್ಟುತ್ತಿರೋ ಮನೆಯಲ್ಲಿ ಈ ಮಾತೆತ್ತೋದೇ ಕಷ್ಟ. ಹಾಗೂ ಹೀಗೂ ಒಪ್ಪಿಸಿದರೂ ಅಮ್ಮ ಕೇಳೋ ಪ್ರಶ್ನೆ ಒಂದೇ: ‘ವಾಪಸ್ ಬಂದ್ಮೇಲೆ ಕೆಲಸ ಕೊಡ್ತಾರಾ?’ ಇದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ, ಆ ಕಾಲಂ ಇರೋ ತನಕ.

2019ರ ರಾಷ್ಟ್ರೀಯ ಸ್ಟಾರ್ಟಪ್ ನೀತಿಯ ಪ್ರಕಾರ ಸ್ವಂತ ಸ್ಟಾರ್ಟಪ್‌ಗಾಗಿ ವಿದ್ಯಾರ್ಥಿ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಿಡುವು ತಗೊಂಡು ಮತ್ತೆ ಓದಿಗೆ ಮರಳಬಹುದು. ಕಂಪನಿ ಕಟ್ಟೋಕೆ ಹೋದವರು ಉದ್ಯಮಿ, ಕೂಲಿಗೆ ಹೋದವರು ‘ಗ್ಯಾಪ್’. ಇದು ಯಾವ ಸೀಮೆ ನ್ಯಾಯ?

ಕಂಪನಿಗಳ ನಿಯಮ ಕಾಲೇಜಿನ ಕೈಲಿಲ್ಲ ಅಂತ ಪ್ಲೇಸ್‌ಮೆಂಟ್ ಸೆಲ್ ಹೇಳಬಹುದು. ಫಾರ್ಮ್ ಅಂತೂ ಅವರದ್ದೇ ತಾನೆ? ಆ ಕಾಲಂ ಕೆಳಗೆ ‘ಆ ವರ್ಷ ಏನು ಮಾಡಿದಿರಿ?’ ಅಂತ ಎರಡು ಸಾಲು ಸೇರಿಸಲಿ, ಸಂಬಳದ ಚೀಟಿ ಲಗತ್ತಿಸೋಕೆ ಬಿಡಲಿ. ಮುಂದಿನ ಬ್ಯಾಚಿನ ಫಾರ್ಮ್ ಬರೋಕೆ ಮೊದಲೇ ಮನವಿ ಕೊಡ್ತಿದ್ದೇವೆ. ಸಹಿ ಹಾಕೋರು ಕ್ಲಬ್ ರೂಮಿಗೆ ಬನ್ನಿ.