ಆಟವೂ ಒಡನಾಟವೂ

ಕನ್ನಡದಲ್ಲಿ ‘ಆಡು’ ಎಂಬ ಧಾತುವಿಗೆ ಕ್ರೀಡಿಸುವುದು ಎಂಬ ಅರ್ಥವಿರುವಂತೆಯೇ ನುಡಿಯುವುದು ಎಂಬ ಅರ್ಥವೂ ಉಂಟು. ಮಕ್ಕಳು ಆಟವಾಡುತ್ತಾರೆ, ಹಿರಿಯರು ಮಾತಾಡುತ್ತಾರೆ. ಕೂಡಿ ಆಡುವವನು ಒಡನಾಡಿ. ಆತನೊಡನೆ ಬೆಳೆಯುವ ಬಾಂಧವ್ಯವೇ ಒಡನಾಟ. ಆಟವೆಂಬುದು ಮತ್ತೊಬ್ಬ ಮನುಷ್ಯನೊಡನೆ ನಡೆಯುವ ಒಂದು ಸಂಭಾಷಣೆ ಎಂಬ ತತ್ತ್ವವನ್ನು ಪೂರ್ವಿಕರು ಧಾತುವಿನಲ್ಲಿಯೇ ಅಡಗಿಸಿಟ್ಟಿದ್ದಾರೆ. ಇಂದು ಮಕ್ಕಳ ಕೈಯಲ್ಲಿರುವ ಮೊಬೈಲ್ ಆಟಗಳ ಗುಣದೋಷಗಳನ್ನು ವಿಚಾರಿಸುವವರಿಗೆ ಈ ಒಂದು ಮಾತೇ ಒರೆಗಲ್ಲಾಗಬಲ್ಲದು.

ಚಾಮರಾಜನಗರದ ಬಸ್ ನಿಲ್ದಾಣದಲ್ಲಾಗಲಿ, ಗುಂಡ್ಲುಪೇಟೆಯ ಅಂಗಡಿಬೀದಿಯಲ್ಲಾಗಲಿ, ತಲೆ ತಗ್ಗಿಸಿ ಮೊಬೈಲಿನಲ್ಲಿ ಆಡುತ್ತಿರುವ ಹುಡುಗರ ದೃಶ್ಯ ಯಾರಿಗೂ ಹೊಸದಲ್ಲ. ಇದನ್ನು ಕಂಡು ‘ಎಲ್ಲವನ್ನೂ ಕಿತ್ತಿಡಬೇಕು’ ಎನ್ನುವ ಹಿರಿಯರು ಒಂದು ಕಡೆ. ‘ಕಾಲವೇ ಹಾಗಿದೆ’ ಎಂದು ಕೈಚೆಲ್ಲುವವರು ಮತ್ತೊಂದು ಕಡೆ. ಯಂತ್ರದ ಮೂಲಕ ಆಡುವ ಆಟವೆಂದರೆ ಹೀಗೆಯೇ ಇರತಕ್ಕದ್ದು ಎಂಬ ಊಹೆ ಇಬ್ಬರಲ್ಲಿಯೂ ಇದೆ. ಆ ಊಹೆ ಸರಿಯಲ್ಲ. ದೂರದಲ್ಲಿರುವವರು ಯಂತ್ರದ ಮೂಲಕ ಕೂಡಿ ಆಡುವ ಪದ್ಧತಿಗೆ ಒಂದು ಕಾಲದಲ್ಲಿ ಬೇರೆಯೇ ಶೀಲವಿತ್ತು; ಅದರ ಚರಿತ್ರೆಯನ್ನು ಅರಿತರೆ ಇಂದಿನ ಕೊರತೆ ಎಲ್ಲಿದೆಯೆಂಬುದು ತಾನಾಗಿ ತಿಳಿಯುತ್ತದೆ.

1978ರ ಜನವರಿಯಲ್ಲಿ ಅಮೆರಿಕದ ಶಿಕಾಗೊ ನಗರವು ಭಾರಿ ಹಿಮಪಾತಕ್ಕೆ ಸಿಲುಕಿದಾಗ ಮನೆಯಿಂದ ಹೊರಬರಲಾಗದ ವಾರ್ಡ್ ಕ್ರಿಸ್ಟೆನ್‌ಸೆನ್ ಎಂಬಾತನು ತನ್ನ ಗೆಳೆಯ ರ‍್ಯಾಂಡಿ ಸ್ಯೂಸ್‌ನೊಡಗೂಡಿ ಒಂದು ಉಪಾಯವನ್ನು ಹೂಡಿದನು. ಗಣಕಯಂತ್ರವನ್ನು ಮೋಡೆಮ್ ಎಂಬ ಸಾಧನದ ಮೂಲಕ ದೂರವಾಣಿಗೆ ಜೋಡಿಸಿ, ಕರೆ ಮಾಡಿದವರು ಅದರಲ್ಲಿ ಸಂದೇಶಗಳನ್ನು ಬರೆದಿಡುವಂತೆಯೂ ಇತರರು ಬರೆದುದನ್ನು ಓದುವಂತೆಯೂ ಅವರಿಬ್ಬರು ಮಾಡಿದರು. ಅದೇ ವರ್ಷದ ಫೆಬ್ರವರಿ 16ರಂದು ತೆರೆದ ಆ ವ್ಯವಸ್ಥೆಯೇ ದೂರವಾಣಿಯ ಮೂಲಕ ನಡೆದ ಮೊದಲ ಗಣಕ ಬುಲೆಟಿನ್ ಬೋರ್ಡ್. ಶಾಲೆಯ ಸೂಚನಾಫಲಕವನ್ನು ದೂರವಾಣಿ ತಂತಿಯ ತುದಿಗೆ ಕಟ್ಟಿದರೆ ಹೇಗೋ ಹಾಗೆ. ಸೆಕೆಂಡಿಗೆ 300 ಬಿಟ್ ವೇಗದ ಮೋಡೆಮ್‌ನಲ್ಲಿ ಸುಮಾರು 30 ಅಕ್ಷರಗಳಷ್ಟೇ ಹರಿದುಬರುತ್ತಿದ್ದವು. ಗಣಕದ ಪರದೆಯೊಂದು ಪೂರ್ತಿ ತುಂಬಲು ಒಂದು ನಿಮಿಷವೇ ಬೇಕಾಗುತ್ತಿತ್ತು.

ಇಂಥ ಫಲಕಗಳಲ್ಲಿ ಬಹುಬೇಗ ಆಟಗಳೂ ಸೇರಿಕೊಂಡವು. ಎಷ್ಟೋ ಫಲಕಗಳು ಯಾರದೋ ಮನೆಯ ಕೋಣೆಯಲ್ಲಿ, ಒಂದೇ ದೂರವಾಣಿ ತಂತಿಯ ಮೇಲೆ ನಡೆಯುತ್ತಿದ್ದುದರಿಂದ ಒಮ್ಮೆಗೆ ಒಬ್ಬನಿಗೆ ಮಾತ್ರ ಪ್ರವೇಶ. ಆತನು ತನ್ನ ಸರದಿಯ ನಡೆಗಳನ್ನು ಆಡಿ, ಎದುರಾಳಿಗೆ ನಾಲ್ಕು ಮಾತು ಬರೆದಿಟ್ಟು, ತಂತಿಯನ್ನು ಬಿಟ್ಟುಕೊಡಬೇಕು. ಆಗ ಮಾತ್ರ ಮತ್ತೊಬ್ಬನ ಕರೆ ಒಳಸೇರುತ್ತಿತ್ತು. ‘ಟ್ರೇಡ್ ವಾರ್ಸ್’ ಎಂಬ ಆಟದಲ್ಲಿ ಆಟಗಾರರು ನಕ್ಷತ್ರಲೋಕದ ವರ್ತಕರಾಗಿ ಸರಕು ಸಾಗಿಸುತ್ತಿದ್ದರು. ಸೆತ್ ರಾಬಿನ್‌ಸನ್ 1989ರಲ್ಲಿ ರಚಿಸಿದ ‘ಲೆಜೆಂಡ್ ಆಫ್ ದ ರೆಡ್ ಡ್ರ್ಯಾಗನ್’ ಆಟದಲ್ಲಿ ಊರನ್ನು ಪೀಡಿಸುವ ಕೆಂಪು ಘಟಸರ್ಪವನ್ನು ಕೊಲ್ಲಬೇಕು. ಆದರೆ ಕಾಡಿನಲ್ಲಿ ದಿನಕ್ಕೆ ಇಷ್ಟೇ ಕಾಳಗವೆಂಬ ಮಿತಿ. ಮಿತಿ ಮುಗಿದವನು ಆಟದೊಳಗಿನ ಛತ್ರದಲ್ಲಿ ಇತರರು ಬರೆದಿಟ್ಟ ಮಾತುಗಳನ್ನು ಓದಿ, ತನ್ನದೊಂದು ಮಾತನ್ನು ಸೇರಿಸಿ, ನಾಳೆಗೆ ಕಾಯಬೇಕು. 1990ರಲ್ಲಿ ಅಮಿತ್ ಪಟೇಲ್ ಎಂಬವರು ರಚಿಸಿದ ‘ಸೋಲಾರ್ ರೆಲ್ಮ್ಸ್ ಎಲೈಟ್’ ಆಟದಲ್ಲಿಯೂ ಸರದಿಗಳಿಗೆ ದಿನದ ಲೆಕ್ಕವುಂಟು. 1984ರಲ್ಲಿ ಟಾಮ್ ಜೆನ್ನಿಂಗ್ಸ್ ಆರಂಭಿಸಿದ ಫಿಡೊನೆಟ್ ಜಾಲವು ಕರೆಯ ದರ ಕಡಿಮೆಯಿರುವ ರಾತ್ರಿಯ ಹೊತ್ತಿನಲ್ಲಿ ಒಂದು ಫಲಕದ ಸಂದೇಶಗಳನ್ನು ಮತ್ತೊಂದಕ್ಕೆ ಮುಟ್ಟಿಸುತ್ತಿತ್ತು. ಇಂಥ ರವಾನೆಯನ್ನೇ ಆಶ್ರಯಿಸಿ ಊರೂರುಗಳ ನಡುವೆ ಪಂದ್ಯಗಳೂ ನಡೆದವು.

ಈ ವರ್ಣನೆಯನ್ನು ಓದಿದವರಿಗೆ ಹಳ್ಳಿಯ ಜಗಲಿ ನೆನಪಾಗದಿರದು. ಚೌಕಾಬಾರದಲ್ಲಿ ಕವಡೆಗಳು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗಲೇಬೇಕು. ನಾಲ್ಕೋ ಎಂಟೋ ಬಿದ್ದವನಿಗೆ, ಕಾಯಿ ಹೊಡೆದವನಿಗೆ ಮತ್ತೊಂದು ಗರ ದೊರೆಯಬಹುದು. ಅಷ್ಟಾದ ಮೇಲೆ ಅವನೂ ಕೈಕಟ್ಟಿ ಕೂರಬೇಕು. ಹುಲಿ-ಕುರಿ ಆಟದಲ್ಲಿ, ಅಳಿಗುಳಿಮಣೆಯಲ್ಲಿ ಇದೇ ನ್ಯಾಯ. ಸರದಿ ಕಾಯುವ ಆ ಬಿಡುವಿನಲ್ಲಿಯೇ ಹಾಸ್ಯ, ಕೆಣಕು, ಮುನಿಸು, ರಾಜಿ ಎಲ್ಲವೂ ನಡೆಯುತ್ತವೆ. ಈ ಸೀಮೆಗೆ ಆಟದ ಗೌರವವೂ ಹೊಸದಲ್ಲ. ಅರಿಕುಠಾರವೆಂದಿದ್ದ ಊರಿಗೆ, ಅಲ್ಲಿ ಜನಿಸಿದ ತಮ್ಮ ತಂದೆಯವರ ಹೆಸರನ್ನಿತ್ತು ಚಾಮರಾಜನಗರವೆನಿಸಿ, ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರೇ ಹೊಸ ಹೊಸ ಮಣೆಯಾಟಗಳನ್ನೂ ಎಲೆಯಾಟಗಳನ್ನೂ ಕಲ್ಪಿಸಿದವರು. ಅವರ ಕಾಲದ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಇಂಥ ಆಟಗಳನ್ನು ನಿರೂಪಿಸುತ್ತದೆ. ದೊರೆಯೊಬ್ಬರು ಶಾಸ್ತ್ರದ ಸಾಲಿನಲ್ಲಿ ಕೂರಿಸಿದ ವಿಷಯವನ್ನು ಉಪಾಧ್ಯಾಯರು ಹಗುರವಾಗಿ ಕಾಣುವುದು ಯುಕ್ತವಲ್ಲ.

ಹೀಗಿದ್ದೂ ತಂತಿಯ ಮೇಲಿನ ಆ ಜಗಲಿ ಈ ಸೀಮೆಯ ಮಕ್ಕಳಿಗೆ ಒದಗಲಿಲ್ಲ. ಅಮೆರಿಕದ ಬಹುತೇಕ ಮನೆಗಳಲ್ಲಿ ಊರೊಳಗಿನ ಕರೆಗೆ ಮಾಸಿಕ ಶುಲ್ಕವಲ್ಲದೆ ಬೇರೆ ಹಣವಿರಲಿಲ್ಲವಾಗಿ ಒಂದೊಂದು ಫಲಕವೂ ಒಂದೊಂದು ಊರಿನವರ ಕೂಟವಾಯಿತು. ಭಾರತದಲ್ಲಿ ಇವು ತಲೆಯೆತ್ತಿದುದು ಮುಂಬಯಿಯಂಥ ಮಹಾನಗರಗಳಲ್ಲಿ. ಗುಂಡ್ಲುಪೇಟೆಯಿಂದ ಮಹಾನಗರಕ್ಕೆ ಕರೆಯೆಂದರೆ ಎಸ್.ಟಿ.ಡಿ.; ಮೀಟರು ಓಡಿದಷ್ಟೂ ಹಣ. ರಾತ್ರಿ ದರ ಇಳಿಯುವುದನ್ನೇ ಕಾದು ಬೂತಿನ ಮುಂದೆ ಸಾಲು ನಿಂತು, ದೂರದೂರಿನ ಮಕ್ಕಳೊಡನೆ ಎರಡು ಮಾತಾಡಿ ಬರುತ್ತಿದ್ದ ತಲೆಮಾರಿಗೆ ತಂತಿಯ ಮೇಲೆ ಆಟವಾಡುವುದು ಕಲ್ಪನೆಗೂ ನಿಲುಕದ ಐಶ್ವರ್ಯ. ಸಿ-ಡಾಟ್ ಸಂಸ್ಥೆಯ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವು ಕರ್ನಾಟಕದ ಕಿತ್ತೂರಿನಲ್ಲಿ ಮೊದಲಿಗೆ ಸ್ಥಾಪಿತವಾದುದೇ 1986ರಲ್ಲಿ. ಭಾಷೆಯ ತೊಡಕೂ ಇತ್ತು: ಆ ಫಲಕಗಳ ಅಕ್ಷರ ಇಂಗ್ಲಿಷಿನದು, ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತುದು 1991ರಲ್ಲಿ, ಅದು ಜನಬಳಕೆಗೆ ಇಳಿದುದು ಬಹಳ ತಡವಾಗಿ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಂಸ್ಥೆ ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸಿದ ಮೇಲೆ ಫಲಕಗಳ ಕಾಲ ಮುಗಿಯುತ್ತ ಬಂದಿತು.

ಇದರ ಪರಿಣಾಮ ಇಂದು ಕಣ್ಣಿಗೆ ಕಾಣುತ್ತಿದೆ. ಸರದಿ, ಮಿತಿ, ಪರಿಚಯ ಈ ಮೂರನ್ನು ಕಲಿಸುವ ಮೆಟ್ಟಿಲನ್ನು ಏರದೆಯೇ ಇಲ್ಲಿನ ಮಕ್ಕಳು ನೇರವಾಗಿ ಮೊಬೈಲಿನ ಮಹಾಜಾಲಕ್ಕೆ ಬಂದಿಳಿದರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಪಬ್‌ಜಿಯ ಒಂದು ಪಂದ್ಯದಲ್ಲಿ 100 ಮಂದಿ ಸೇರಬಹುದಾಗಿತ್ತು. ಅವರಲ್ಲಿ ಬಹುತೇಕರು ಮುಖವಿಲ್ಲದ ಅಪರಿಚಿತರು. ಒಂದು ಪಂದ್ಯ ಮುಗಿದ ಕ್ಷಣದಲ್ಲಿ ಮತ್ತೊಂದು ಸಿದ್ಧ. ‘ಇನ್ನು ನಾಳೆ’ ಎನ್ನುವ ಯಜಮಾನನಿಲ್ಲ. ಒಂದೇ ಬೀದಿಯ ನಾಲ್ವರು ಗೆಳೆಯರು ತಂಡ ಕಟ್ಟಿ ಮಾತಾಡಿಕೊಂಡು ಆಡಿದರೆ ಅಲ್ಲಿ ಒಡನಾಟವುಂಟೆಂಬುದನ್ನು ಒಪ್ಪಲೇಬೇಕು. ಆದರೆ ಒಬ್ಬಂಟಿಯಾಗಿ ನಡುರಾತ್ರಿಯವರೆಗೆ ಆಡುವ ಮಗುವಿಗೆ ಯಾರೊಡನೆ ಆಡಿದೆನೆಂಬುದೇ ತಿಳಿಯದು.

ಇದಕ್ಕಿಂತ ಘೋರವಾದುದು ಹಣದ ಪಣ. ಆನ್‌ಲೈನ್ ಜೂಜನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಅಧಿನಿಯಮವನ್ನು ಅಂಗೀಕರಿಸಿತು. ಕಾನೂನು ಅವಶ್ಯ, ಅದೊಂದೇ ಸಾಲದು. ಸಭಾಪರ್ವದ ದ್ಯೂತವನ್ನು ಓದಿದವರು ಬಲ್ಲರು: ಅಲ್ಲಿ ಪಣ ಒಡ್ಡಿದವನು ದುರ್ಯೋಧನ, ದಾಳ ಉರುಳಿಸಿದವನು ಶಕುನಿ. ಯಾರೊಡನೆ ಆಡುತ್ತಿರುವೆನೆಂಬ ವಿವೇಕ ತಪ್ಪಿದಾಗ, ಎದ್ದು ಹೋಗುವ ಶಕ್ತಿ ಉಡುಗಿದಾಗ ಧರ್ಮರಾಯನಂಥವನೂ ಕೆಟ್ಟನು. ಎದ್ದೇಳಬಲ್ಲ ಈ ಶಕ್ತಿಯನ್ನೇ ದಿನಕ್ಕಿಷ್ಟು ಸರದಿ ಎಂಬ ನಿಯಮವು ಆಟಗಾರನಿಗೆ ಅಭ್ಯಾಸ ಮಾಡಿಸುತ್ತಿತ್ತು.

‘ಹಿಂದಿನವರು ಸರದಿ ಕಾದುದು ತಂತಿ ಒಂದೇ ಇದ್ದುದರಿಂದ, ಅದರಲ್ಲಿ ಹಿರಿಮೆಯೇನು?’ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಅಲ್ಲಿಯೂ ದೂರದ ಫಲಕಗಳಿಗೆ ಕರೆ ಮಾಡಿ ದೂರವಾಣಿ ಬಿಲ್ಲನ್ನು ಬೆಳೆಸಿ ಬೈಸಿಕೊಂಡ ಹುಡುಗರಿದ್ದರು. ಆದರೆ ಅಂದು ಕೊರತೆ ವಿಧಿಸಿದ ಶಿಸ್ತನ್ನು ಇಂದು ಸಮೃದ್ಧಿಯ ನಡುವೆ ವಿವೇಕದಿಂದ ವಿಧಿಸಿಕೊಳ್ಳಬೇಕಾಗಿದೆ. ವಿದ್ಯೆಯ ಕಾರ್ಯವೇ ಅದು.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಶಾಲೆಯ ಗಣಕ ಕೊಠಡಿಯಲ್ಲಿ ಒಂದು ಯಂತ್ರವನ್ನು ಹೊರಜಾಲಕ್ಕೆ ಸೇರಿಸದೆ ಇಟ್ಟು, ಅದರಲ್ಲಿ ಚದುರಂಗವನ್ನೋ ಹುಲಿ-ಕುರಿಯನ್ನೋ ಅಳವಡಿಸಿ, ವಿದ್ಯಾರ್ಥಿಗೆ ದಿನಕ್ಕೊಂದು ನಡೆಯನ್ನು ನಿಗದಿಪಡಿಸಬಹುದು. ನಡೆಯೊಡನೆ ಎದುರಾಳಿಗೆ ಕನ್ನಡದಲ್ಲಿ ಎರಡು ಸಾಲು ಬರೆಯಲೇಬೇಕೆಂಬ ಕಟ್ಟಳೆ ಇರಲಿ. ಚಾಮರಾಜನಗರದ ಒಂದು ಶಾಲೆಗೂ ಗುಂಡ್ಲುಪೇಟೆಯ ಒಂದು ಶಾಲೆಗೂ ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಹೀಗೆಯೇ ವರ್ಷಪೂರ್ತಿ ಪಂದ್ಯ ನಡೆಯಲಿ. ಕೊನೆಗೊಂದು ದಿನ ಎರಡೂ ಕಡೆಯ ಮಕ್ಕಳು ಮುಖಾಮುಖಿಯಾಗಿ ಕುಳಿತು ಊಟ ಮಾಡಲಿ. ನಡೆ ಕಲಿತ ಮಗು ನುಡಿಯನ್ನೂ ಕಲಿಯುತ್ತದೆ.

ತಂದೆತಾಯಿಗಳು ಮಾಡಬೇಕಾದುದು ಇನ್ನೂ ಸುಲಭ. ‘ಎಷ್ಟು ಹೊತ್ತು ಆಡಿದೆ?’ ಎಂದು ಗದರಿಸುವ ಮುನ್ನ ‘ಯಾರೊಡನೆ ಆಡಿದೆ?’ ಎಂದು ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಲಿ. ಮಗು ಒಂದು ಹೆಸರು ಹೇಳಿ, ಆ ಹೆಸರಿನವನು ಆಡಿದ ಮಾತನ್ನೂ ಹೇಳಿದರೆ ಅದು ಆಟ. ಹೇಳಲು ಹೆಸರೇ ಇಲ್ಲವಾದರೆ ಆ ದಿನ ಚೌಕಾಬಾರದ ಮನೆಗಳನ್ನು ಬರೆದು ತಾವೇ ಎದುರಿಗೆ ಕುಳಿತುಕೊಳ್ಳಲಿ.