ಮುಖವೇಕೆ?

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಉದ್ಯಾನವೊಂದರಲ್ಲಿ ಆ ನಾಡಿನ ಸಂಗೀತ ರಚನಕಾರ ಸಿಬೇಲಿಯಸನ ಸ್ಮಾರಕವಿದೆ. ಏಯ್ಲಾ ಹಿಲ್ಟುನೆನ್ ಎಂಬ ಶಿಲ್ಪಿಯ ಕೃತಿ, 1967ರಲ್ಲಿ ಅನಾವರಣಗೊಂಡಿತು. ಆರುನೂರಕ್ಕೂ ಮಿಕ್ಕ ಉಕ್ಕಿನ ಕೊಳವೆಗಳನ್ನು ಬೆಸೆದು, ಅಲೆಯಂತೆ ಏರಿಳಿಯುವ ಹಾಗೆ ಆಕೆ ನಿಲ್ಲಿಸಿದ್ದಾಳೆ. ಅದರಲ್ಲಿ ಸಿಬೇಲಿಯಸನ ರೂಪವೇ ಇಲ್ಲ!

ಜಗಳಕ್ಕೆ ಮೂಲವಾದುದು ಇದೇ. ಮೂರ್ತಿಯೆಲ್ಲಿ ಎಂದು ಜನ ಕೇಳಿದರು. ಆರ್ಗನ್ ವಾದ್ಯಕ್ಕಾಗಿ ಆತ ಬರೆದುದೇ ಅತ್ಯಲ್ಪ. ಹೀಗಿರಲು ಆರ್ಗನ್ನಿನ ಕೊಳವೆಗಳನ್ನು ಹೋಲುವ ಈ ರಾಶಿಗೂ ಆತನಿಗೂ ಏನು ನಂಟು ಎಂದೂ ಕೇಳಿದರು. ಕಡೆಗೆ ಶಿಲ್ಪಿ ಮಣಿದು, ಪಕ್ಕದಲ್ಲಿ ಆತನ ಮುಖವೊಂದನ್ನು ಲೋಹದಲ್ಲಿ ಮಾಡಿ ಇಡಬೇಕಾಯಿತು.

ಆ ಮುಖ ಅಲ್ಲಿ ಇರಬಾರದಾಗಿತ್ತೆಂಬುದೇ ನನ್ನ ವಾದ.

ಆರ್ಗನ್ನಿನ ಆಕ್ಷೇಪಣೆಯಲ್ಲಿ ಕೊಂಚ ಹುರುಳಿದೆ, ಒಪ್ಪುತ್ತೇನೆ. ಆದರೆ ಕೊಳವೆಯೆಂದರೆ ಆರ್ಗನ್ನೇ ಆಗಬೇಕೆ? ಗಾಳಿ ಹೊಕ್ಕರೆ ದನಿಗೊಡುವ ಟೊಳ್ಳು ಅದು. ಬಿದಿರುಮೆಳೆಯನ್ನು ಕಂಡ ನಮಗೆ ಬಿಡಿಸಿ ಹೇಳಬೇಕಾದುದಿಲ್ಲ. ಮೂರ್ತಿಯ ಹಂಬಲವಾದರೋ ಬರಿಯ ಅಭ್ಯಾಸಬಲ. ಲಿಂಗಕ್ಕೆ ಕಣ್ಣುಮೂಗುಗಳಿಲ್ಲವೆಂದು ನಮ್ಮಲ್ಲಿ ದೂರಿದವರುಂಟೆ? ಬೆಳ್ಳಿಯ ಮುಖವಾಡ ತೊಡಿಸುವವರೂ ಉತ್ಸವ ಮುಗಿದ ಮೇಲೆ ಅದನ್ನು ತೆಗೆದಿಡುತ್ತಾರೆ. ಹೆಲ್ಸಿಂಕಿಯಲ್ಲಿ ಅದೂ ಆಗಲಿಲ್ಲ.

1865ರಲ್ಲಿ ಹುಟ್ಟಿದ ಸಿಬೇಲಿಯಸನ ಮನೆಮಾತು ಸ್ವೀಡಿಷ್. ಕಲಿತುದು ಫಿನ್ನಿಷ್ ಮಾಧ್ಯಮದ ಶಾಲೆಯಲ್ಲಿ. ಉಪಾಧ್ಯಾಯರು ಇದನ್ನು ಗಮನಿಸಬೇಕು. ಆ ಭಾಷೆಯ 'ಕಲೇವಲ' ಮಹಾಕಾವ್ಯದ ಕಥೆಯನ್ನೇ ಆತ 1892ರಲ್ಲಿ 'ಕುಲ್ಲೆರ್ವೊ' ಎಂಬ ಕೃತಿಯಾಗಿ ವಾದ್ಯಮೇಳಕ್ಕೂ ಕಂಠಕ್ಕೂ ಅಳವಡಿಸಿದ. ನಾಡು ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದಾಗ, 1899ರಲ್ಲಿ, ಮುಂದೆ 'ಫಿನ್ಲಾಂಡಿಯ' ಎನಿಸಿದ ಸಂಗೀತವನ್ನು ರಚಿಸಿದ. ಇದರಲ್ಲಿ ಯಾವುದನ್ನು ಆ ಲೋಹದ ಹಣೆ, ಮೂಗು, ತುಟಿ ಹೇಳಬಲ್ಲವು?

ಮುಖವಿಲ್ಲದಿದ್ದರೆ ಮಕ್ಕಳಿಗೆ ಗುರುತು ಸಿಕ್ಕುವುದು ಹೇಗೆ ಎಂದು ಉಪಾಧ್ಯಾಯ ಮಿತ್ರರು ಕೇಳಬಹುದು. ಅವರನ್ನು ನಾನು ತಿರುಗಿ ಕೇಳುತ್ತೇನೆ. 1564ರಲ್ಲಿ ತೀರಿಕೊಂಡ ಪುರಂದರದಾಸರ ನಿಜವಾದ ಮುಖವನ್ನು ನಮ್ಮಲ್ಲಿ ಬಲ್ಲವರಾರು? ತಂಬೂರಿ ಹಿಡಿದ ಆ ಪಟ ಚಿತ್ರಕಾರನ ಊಹೆ. ಆದರೂ ಅದಕ್ಕೆ ವರ್ಷಕ್ಕೊಮ್ಮೆ ಹಾರ ಬೀಳುತ್ತದೆ, ಭಾಷಣವಾಗುತ್ತದೆ, ಮಕ್ಕಳು ಸಕ್ಕರೆ ತಿಂದು ಮನೆಗೆ ಹೋಗುತ್ತಾರೆ; ಒಂದು ಪದವನ್ನು ಕೊನೆಯವರೆಗೆ ಹಾಡಬಲ್ಲವರು ತರಗತಿಗೆ ಇಬ್ಬರು ಸಿಕ್ಕರೆ ಹೆಚ್ಚು. ಬರುವ ಪುಷ್ಯದ ಅಮಾವಾಸ್ಯೆಗೆ ಹಾರದ ಹಣವನ್ನು ಉಳಿಸಿ, ಊರಿನ ಭಜನೆಯವರೊಬ್ಬರನ್ನು ಶಾಲೆಗೆ ಕರೆಸಿ ನಾಲ್ಕು ಪದ ಹೇಳಿಕೊಡಿಸಲಿ. ಪಟ ಬೇಕಾದರೆ ಗೋಡೆಯ ಮೇಲೆಯೇ ಇರಲಿ.