ಲೋಹವಿಷವನ್ನು ಬಾಗಿಲಲ್ಲೇ ತಡೆಯಬೇಕು

ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮವರ ಗಾದೆ. ಡೊಂಬಿವಲಿ, ಅಂಬರನಾಥ, ತಳೋಜಾಗಳ ಕಾರ್ಖಾನೆಗಳು ನಮ್ಮಲ್ಲಿ ಅನೇಕರಿಗೆ ಅನ್ನವಿತ್ತಿವೆ, ನಿಜ. ಆದರೆ ಉಂಡ ಮನೆಯ ಬಾವಿಗೇ ವಿಷ ಬೀಳುತ್ತಿರುವಾಗ ಸುಮ್ಮನಿರುವುದು ಕೃತಜ್ಞತೆಯೆನಿಸದು. ಕಲ್ಯಾಣದ ನೆರೆಯ ಅಂಬಿವಲಿಯಲ್ಲಿ ಹರಿಯುವ ಕಾಳು ನದಿಗೆ ಪಾದರಸ, ಸೀಸಗಳು ಸೇರಿದ್ದುದನ್ನು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ವರದಿಯು 1982ರಲ್ಲಿಯೇ ತಿಳಿಸಿತ್ತು.

ಇತರ ಹೊಲಸು ಕಾಲಕ್ರಮದಲ್ಲಿ ಕೊಳೆತು ಕರಗೀತು. ಲೋಹವು ಕರಗಿ ಹೋಗುವಂಥದಲ್ಲ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಉಳಿಯುತ್ತದೆ. ಸೀಸವು ಎಳೆಯ ಮಕ್ಕಳ ಬುದ್ಧಿಯನ್ನು ಕುಂದಿಸುತ್ತದೆ, ಕ್ಯಾಡ್ಮಿಯಮ್ ಮೂತ್ರಪಿಂಡವನ್ನು ಕೆಡಿಸುತ್ತದೆ, ಪಾದರಸವು ನರಮಂಡಲವನ್ನು ಘಾಸಿಗೊಳಿಸುತ್ತದೆ.

ಈ ಲೋಹಗಳನ್ನು ಹಿಡಿಯಲು ಬ್ಯಾಕ್ಟೀರಿಯಗಳನ್ನು ಬಳಸಬಹುದೆಂದು ವಿಜ್ಞಾನಿಗಳು ತೋರಿಸಿದ್ದಾರೆ. ಅವುಗಳ ಕೋಶದ ಹೊರಗೋಡೆಯಲ್ಲಿ ಋಣ ವಿದ್ಯುದಂಶದ ಕಾರ್ಬಾಕ್ಸಿಲ್, ಫಾಸ್ಫೇಟ್ ಗುಂಪುಗಳಿವೆ. ನೀರಿನಲ್ಲಿರುವ ಸೀಸ, ಸತುಗಳಂತಹ ಲೋಹದ ಧನ ಅಯಾನುಗಳು ಅವಕ್ಕೆ ಅಂಟಿಕೊಳ್ಳುತ್ತವೆ. ಇದಕ್ಕೆ ಬ್ಯಾಕ್ಟೀರಿಯ ಜೀವಂತವಾಗಿರಬೇಕೆಂದೂ ಇಲ್ಲ. ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತ್ಯಾಜ್ಯವಾಗಿ ಉಳಿದ ಬ್ಯಾಕ್ಟೀರಿಯ ರಾಶಿಯಿಂದಲೇ ಸೀಸ, ಸತುಗಳನ್ನು ಹೀರಿಸಿದ ಪ್ರಯೋಗವನ್ನು 1997ರಲ್ಲಿ ಪ್ರಕಟಿಸಿದರು. ಠಾಣೆ ಖಾರಿಯ ಆಚೆ ದಡದ ಟ್ರಾಂಬೆಯಲ್ಲಿ, ಭಾಭಾ ಅಣು ಸಂಶೋಧನ ಕೇಂದ್ರವು ಯುರೇನಿಯಮ್ ಹೀರುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯವನ್ನು ಅಭ್ಯಸಿಸಿದೆ.

ಆದರೆ ಈ ಉಪಾಯವನ್ನು ಎಲ್ಲಿ ಬಳಸಬೇಕೆಂಬುದೇ ಮುಖ್ಯ ಪ್ರಶ್ನೆ. ಕಾರ್ಖಾನೆಗಳ ನೀರೆಲ್ಲ ಸೇರುವ ಸಾಮೂಹಿಕ ಶುದ್ಧೀಕರಣ ಘಟಕದಲ್ಲಿ ದುಡಿಯುವುವು ಜೀವಂತ ಸೂಕ್ಷ್ಮಾಣುಗಳು. ಲೋಹ ಹೆಚ್ಚಾದರೆ ಮೊದಲು ಸಾಯುವುವು ಅವೇ. ಹಾಗೆಂದು ಲೋಹವನ್ನು ನದಿಗೆ ಬಿಟ್ಟು ಆಮೇಲೆ ಹುಡುಕುವುದು ಹಿಟ್ಟನ್ನು ಗಾಳಿಗೆ ತೂರಿ ಮತ್ತೆ ಆಯುವ ಕೆಲಸ. ಆದುದರಿಂದ ಲೋಹಲೇಪನದಂತಹ ಕಿರು ಕಾರ್ಖಾನೆಗಳ ಬಾಗಿಲಲ್ಲಿಯೇ ಇಂತಹ ಶೋಧಕಗಳಿರಬೇಕು. ಲೋಹ ತುಂಬಿದ ರಾಶಿಯನ್ನು ಆಮ್ಲದಿಂದ ತೊಳೆದು ಲೋಹವನ್ನು ಮರಳಿ ಪಡೆಯುವ ಹೊಣೆಯೂ ಅದರ ಜೊತೆಗಿರಬೇಕು. ಇಲ್ಲವಾದರೆ ನೀರಿನ ವಿಷ ನೆಲಕ್ಕೆ ವರ್ಗವಾದೀತು, ಅಷ್ಟೇ.

ನದಿಗೆ ಬಿಡುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಮಿಗಿಂತ ಹೆಚ್ಚು ಸೀಸವಾಗಲಿ, 0.01 ಮಿಲಿಗ್ರಾಮಿಗಿಂತ ಹೆಚ್ಚು ಪಾದರಸವಾಗಲಿ ಇರಕೂಡದೆಂದು ನಿಯಮವಿದೆ. ಅದರ ಪಾಲನೆಯಾಗುತ್ತಿದೆಯೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಉಂಟು. ನಮ್ಮ ಬಾಂಧವರಲ್ಲಿ ರಸಾಯನಶಾಸ್ತ್ರ ಬಲ್ಲವರಿದ್ದಾರೆ, ಇಂಜಿನಿಯರರಿದ್ದಾರೆ, ವೈದ್ಯರಿದ್ದಾರೆ. ಅವರು ನೆರೆಯ ಮರಾಠಿ ಬಂಧುಗಳೊಡನೆ ಕೂಡಿ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪರೀಕ್ಷೆಯ ಅಂಕಿಗಳನ್ನು ಕೇಳಿ ಪಡೆದು, ಜನರಿಗೆ ತಿಳಿಯುವ ಮಾತಿನಲ್ಲಿ ವಿವರಿಸಲಿ. ನಮ್ಮ ಮಕ್ಕಳು ಬೆಳೆಯುತ್ತಿರುವುದು ಈ ನೀರಿನ ಬದಿಯಲ್ಲಿಯೇ.